ತಂಗಳು ಪೆಟ್ಟಿಗೆಯ ಕರೆಂಟು ಬಿಲ್ಲು: ಒಂದು ಚರಿತ್ರೆ



ಪ್ರಧಾನ ಭಾಷಣ ಮಾಡಲು ನಿಂತವನು ಫ್ರಿಜ್ಜಿನ ವಿಷಯ ಎತ್ತಿಕೊಂಡರೆ ನಿಮಗೆ ನಗು ಬರುವುದು ಸಹಜ. ಬೆಳಗ್ಗೆಯಿಂದ ಪಂಪ, ಕುಮಾರವ್ಯಾಸ, ವಚನ ಎಲ್ಲ ಆಗಿದೆ. ಈಗ ಇದೇನು ತಂಗಳು ಪೆಟ್ಟಿಗೆ ಎಂದು ಕೇಳಬಹುದು. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಶೀತಕಯಂತ್ರ ಎಂಬ ಹೆಸರಿದ್ದರೂ, ಯಾರೋ ಪುಣ್ಯಾತ್ಮರು ತಮಾಷೆಗೆ ಇಟ್ಟ 'ತಂಗಳು ಪೆಟ್ಟಿಗೆ' ಎಂಬ ಹೆಸರೇ ನನಗೆ ಹೆಚ್ಚು ಇಷ್ಟ. ಅದು ಮಾಡುವ ಕೆಲಸವನ್ನು ನೇರವಾಗಿ ಹೇಳುತ್ತದೆ. ನಮ್ಮ ಮನೆಗಳಲ್ಲಿ ಹಗಲು ರಾತ್ರಿ, ವರ್ಷದ ಮುನ್ನೂರ ಅರವತ್ತೈದು ದಿನವೂ ಕೆಲಸ ಮಾಡುವ ಯಂತ್ರ ಇದೊಂದೇ ಎನ್ನಬಹುದು. ನಾವು ಊರಿಗೆ ಹೋದಾಗಲೂ ಅದಕ್ಕೆ ರಜೆಯಿಲ್ಲ. ಅಂಥ ಯಂತ್ರ ಎಷ್ಟು ವಿದ್ಯುತ್ತು ತಿನ್ನಬೇಕು ಎಂಬುದನ್ನು ಯಾರು ತೀರ್ಮಾನಿಸಿದರು, ಯಾವಾಗ, ಯಾಕೆ ಎಂಬುದೇ ಇವತ್ತಿನ ನನ್ನ ವಿಷಯ. ಈ ಕಥೆಯ ಮುಖ್ಯ ಭಾಗ ನಡೆದದ್ದು ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ. ಅದರ ಒಂದು ಎಳೆ ಮದರಾಸಿಗೂ, ಇನ್ನೊಂದು ಬೆಂಗಳೂರಿಗೂ ತಾಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಫ್ರಿಜ್ಜು ತಂಪನ್ನು 'ತಯಾರಿಸುವುದಿಲ್ಲ'. ತಂಪು ಎಂಬ ವಸ್ತುವೇ ಇಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುವುದಷ್ಟೇ ಅದರ ಕೆಲಸ. ದೋಣಿಯೊಳಗೆ ಸೋರುವ ನೀರನ್ನು ಮೊಗೆದು ಚೆಲ್ಲುವವನಂತೆ ಎಂದುಕೊಳ್ಳಿ. ದೋಣಿಯ ತೂತು ಎಷ್ಟು ದೊಡ್ಡದೋ ಅವನಿಗೆ ಅಷ್ಟು ದುಡಿಮೆ. ಫ್ರಿಜ್ಜಿಗೆ ಆ ತೂತು ಎಂದರೆ ಅದರ ಗೋಡೆ, ಅದರ ಬಾಗಿಲಿನ ಅಂಚು. ಹೊರಗಿನ ಶಾಖದ ಬಹುಪಾಲು ಗೋಡೆಯ ಮೂಲಕವೇ ಒಳಗೆ ನುಸುಳುತ್ತದೆ. ಬಾಗಿಲು ತೆರೆದಾಗ ನುಗ್ಗುವ ಗಾಳಿಯ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಹಾಗಾಗಿ ಫ್ರಿಜ್ಜಿನ ಚರಿತ್ರೆ ಎಂದರೆ ಅರ್ಧ ಭಾಗ ಯಂತ್ರದ ಚರಿತ್ರೆ, ಇನ್ನರ್ಧ ಗೋಡೆಯ ಚರಿತ್ರೆ. ಗೋಡೆಯದ್ದೇ ಹಳೆಯದು.

'ರೆಫ್ರಿಜರೇಟರ್' ಎಂಬ ಪದವನ್ನು ಮನೆಬಳಕೆಯ ಪೆಟ್ಟಿಗೆಗೆ ಇಟ್ಟವನು ಮೇರಿಲ್ಯಾಂಡಿನ ಥಾಮಸ್ ಮೂರ್. ಬೆಣ್ಣೆಯನ್ನು ಕರಗದಂತೆ ಸಂತೆಗೆ ಸಾಗಿಸಲು ಅವನು ಮಾಡಿಕೊಂಡ ಸಾಧನವದು. ಮರದ ತೊಟ್ಟಿ, ಅದರೊಳಗೆ ತಗಡಿನ ಪಾತ್ರೆ, ನಡುವೆ ಮಂಜುಗಡ್ಡೆ, ಸುತ್ತ ಮೊಲದ ತುಪ್ಪಳದ ಹೊದಿಕೆ. 1803ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಯಂತ್ರವೇ ಇಲ್ಲದ ರೆಫ್ರಿಜರೇಟರ್ ಅದು, ಬರೀ ಗೋಡೆ. ನಂತರ ಬಂದವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಚಳಿಗಾಲದಲ್ಲಿ ನ್ಯೂ ಇಂಗ್ಲೆಂಡಿನ ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜನ್ನು ಕೊಯ್ದು, ಬೇಸಗೆಯ ದೇಶಗಳಿಗೆ ಹಡಗಿನಲ್ಲಿ ಕಳಿಸಿ ಮಾರಿದ ಸಾಹಸಿ. 1833ರ ಮೇ ತಿಂಗಳಲ್ಲಿ ಅವನ 'ಟಸ್ಕನಿ' ಎಂಬ ಹಡಗು 180 ಟನ್ ಮಂಜು ಹೊತ್ತು ಕಲ್ಕತ್ತೆಯ ಕಡೆ ಹೊರಟಿತು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ ತಲುಪಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಉಳಿದಿತ್ತು. ಇದರ ಗುಟ್ಟು ಬಿಟ್ಟಿಯಾಗಿ ಸಿಗುತ್ತಿದ್ದ ಮರದ ಹೊಟ್ಟು. ಮಂಜಿನ ಇಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ ಸುತ್ತ ಹೊಟ್ಟು ತುಂಬಿದ್ದರು. ಒಂದು ಯೂನಿಟ್ಟು ವಿದ್ಯುತ್ತೂ ಇಲ್ಲದೆ ನಾಲ್ಕು ತಿಂಗಳು!

ಮದರಾಸಿನಲ್ಲಿ ಈ ಮಂಜನ್ನು ಇಡಲೆಂದು 1842ರಲ್ಲಿ ಸಮುದ್ರದ ದಂಡೆಯಲ್ಲಿ ಒಂದು ದುಂಡನೆಯ ಕಟ್ಟಡ ಎದ್ದಿತು. ಊರವರು ಅದನ್ನು ಇವತ್ತಿಗೂ ಐಸ್ ಹೌಸ್ ಎನ್ನುತ್ತಾರೆ. ಈ ದೇಶದಿಂದ ಹಿಂತಿರುಗಿದ ಸ್ವಾಮಿ ವಿವೇಕಾನಂದರು 1897ರಲ್ಲಿ ಉಳಿದುಕೊಂಡದ್ದು ಅಲ್ಲೇ. ಅಷ್ಟು ಹೊತ್ತಿಗೆ ಮಂಜಿನ ವ್ಯಾಪಾರ ನಿಂತುಹೋಗಿತ್ತು. ಇಂಡಿಯಾದಲ್ಲೇ ಉಗಿಯಂತ್ರದ ಐಸ್ ಕಾರ್ಖಾನೆಗಳು ಬಂದಿದ್ದವು. ಟ್ಯೂಡರನ ಕೂಲಿಯಾಳುಗಳು ವಾಲ್ಡನ್ ಕೊಳದಲ್ಲೂ ಮಂಜು ಕೊಯ್ದಿದ್ದರು. ಅದನ್ನು ದಡದ ಗುಡಿಸಲಿನಿಂದ ನೋಡಿದ ಥೋರೋ, ತನ್ನ ಕೊಳದ ನೀರನ್ನು ಮದರಾಸು, ಕಲ್ಕತ್ತೆಯ ಜನ ಕುಡಿಯುವುದನ್ನೂ ಅದು ಗಂಗೆಯೊಡನೆ ಬೆರೆಯುವುದನ್ನೂ ಕಲ್ಪಿಸಿಕೊಂಡು ಬರೆದಿದ್ದಾನೆ. ಭಗವದ್ಗೀತೆ ಓದುತ್ತಿದ್ದವನಿಗೆ ಮಾತ್ರ ಹೊಳೆಯುವ ಕಲ್ಪನೆ.

ನಮ್ಮ ಅಜ್ಜಿಯರಿಗೆ ಈ ಮಂಜಿನ ಭಾಗ್ಯ ಇರಲಿಲ್ಲ. ಇದ್ದದ್ದು ಹೂಜಿಯ ನೀರು, ತೂಗುಹಾಕಿದ ನೆಲುವಿನಲ್ಲಿ ಹಾಲು ಮೊಸರಿನ ಗಡಿಗೆ, ಮತ್ತು ಕೆಡುವ ಪದಾರ್ಥವನ್ನು ಕೆಡದ ಪದಾರ್ಥವಾಗಿ ಮಾಡುವ ವಿದ್ಯೆ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ. ಹೂಜಿಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಫ್ರಿಜ್ಜಿನ ಕೊಳವೆಯೊಳಗಿನ ದ್ರವ ಮಾಡುವುದೂ ಅದನ್ನೇ. ವ್ಯತ್ಯಾಸ ಏನೆಂದರೆ ಹೂಜಿಯ ಆವಿ ಗಾಳಿಗೆ ಹೋಯಿತು, ಫ್ರಿಜ್ಜಿನ ಆವಿಯನ್ನು ಕಂಪ್ರೆಸರ್ ಹಿಡಿದು, ಒತ್ತಿ, ಹಿಂಬದಿಯ ಕೊಳವೆಗಳಲ್ಲಿ ಶಾಖ ಕಕ್ಕಿಸಿ, ಮತ್ತೆ ದ್ರವ ಮಾಡಿ ಒಳಗೆ ಕಳಿಸುತ್ತದೆ. ಕರೆಂಟು ಖರ್ಚಾಗುವುದು ಆ ಒತ್ತುವ ಕೆಲಸಕ್ಕೆ.

ಅಮೆರಿಕದಲ್ಲಿ ವಿದ್ಯುತ್ ಫ್ರಿಜ್ಜು ಮಧ್ಯಮವರ್ಗದ ಮನೆಗೆ ಬಂದದ್ದು 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ 'ಮಾನಿಟರ್ ಟಾಪ್' ಎಂಬ ಮಾದರಿಯೊಂದಿಗೆ. ಕಂಪ್ರೆಸರ್ ಅದರ ತಲೆಯ ಮೇಲೆ ದುಂಡಗೆ ಕೂತಿತ್ತು. ನೋಡಲು ವಿಚಿತ್ರ, ಆದರೆ ಎಂಜಿನಿಯರಿಂಗ್ ದೃಷ್ಟಿಯಿಂದ ಜಾಣತನ. ಬಿಸಿ ಮೇಲಕ್ಕೇರಿ ಹೊರಟುಹೋಗುತ್ತದೆ, ಪೆಟ್ಟಿಗೆಯ ಒಳಗೆ ನುಸುಳುವುದಿಲ್ಲ. ಅದೇ ಕಾಲಕ್ಕೆ ಗ್ಯಾಸ್ ಉರಿಯಿಂದ ನಡೆಯುವ, ಸದ್ದೇ ಮಾಡದ, ಚಲಿಸುವ ಭಾಗವೇ ಇಲ್ಲದ ಸರ್ವೆಲ್ ಫ್ರಿಜ್ಜೂ ಮಾರುಕಟ್ಟೆಯಲ್ಲಿತ್ತು. ಅದು ಸೋತದ್ದು ಯಾಕೆ ಎಂಬುದನ್ನು ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ ವಿವರಿಸಿದ್ದಾರೆ. ಅವರ ವಾದ ಸರಳ. ವಿದ್ಯುತ್ ಫ್ರಿಜ್ಜಿನ ಬೆನ್ನಿಗೆ ದೊಡ್ಡ ಕಂಪನಿಗಳ ಹಣ ಇತ್ತು. ವಿದ್ಯುತ್ತು ಮಾರುವವರಿಗೂ ವಿದ್ಯುದಾಗಾರದ ಯಂತ್ರ ಮಾರುವವರಿಗೂ ಇಪ್ಪತ್ತನಾಲ್ಕು ಗಂಟೆ ಕರೆಂಟು ಕುಡಿಯುವ ಪೆಟ್ಟಿಗೆಯೊಂದು ಪ್ರತಿ ಮನೆಯಲ್ಲಿ ಇರುವುದು ಲಾಭದ ಮಾತು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕಾಗುತ್ತದೆ.

ನಡುವೆ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ ಸೇರಿ ಒಂದು ಫ್ರಿಜ್ಜಿಗೆ ಪೇಟೆಂಟ್ ಪಡೆದ ಪ್ರಸಂಗವೂ ಉಂಟು. ಅದು ಅಂಗಡಿಗೆ ಬರಲೇ ಇಲ್ಲ, ಆದ್ದರಿಂದ ಬಿಟ್ಟುಬಿಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅಮೆರಿಕದ ಸಾಮಾನ್ಯ ಫ್ರಿಜ್ಜು ಎಂಟು ಘನ ಅಡಿಯ ಆಸುಪಾಸಿನದು. ವರ್ಷಕ್ಕೆ ಸುಮಾರು 350 ಯೂನಿಟ್ ಬಳಸುತ್ತಿತ್ತು, ಅಂದರೆ ಒಂದು 40 ವ್ಯಾಟಿನ ಬಲ್ಬನ್ನು ಆರಿಸದೆ ಉರಿಸಿದಷ್ಟು. 1974ರ ಹೊತ್ತಿಗೆ ಅದೇ ಫ್ರಿಜ್ಜು ಎರಡು ಪಟ್ಟಿಗಿಂತ ದೊಡ್ಡದಾಗಿತ್ತು, ಆದರೆ ವಿದ್ಯುತ್ ಬಳಕೆ ಐದು ಪಟ್ಟಾಗಿ ವರ್ಷಕ್ಕೆ ಸುಮಾರು 1,800 ಯೂನಿಟ್ ಮುಟ್ಟಿತ್ತು. 40 ವ್ಯಾಟಿನ ಬಲ್ಬು 200 ವ್ಯಾಟಿನದಾಯಿತು. ಎರಡು ಪಟ್ಟು ದೊಡ್ಡದಾದರೆ ಎರಡು ಪಟ್ಟು ತಿನ್ನಲಿ, ಐದು ಪಟ್ಟು ಯಾಕೆ?

ಯಾಕೆಂದರೆ ಕರೆಂಟು ಅಗ್ಗವಾಗಿತ್ತು, ವರ್ಷ ವರ್ಷ ಇನ್ನೂ ಅಗ್ಗವಾಗುತ್ತಿತ್ತು, ಅಂಗಡಿಯಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಹೊರಗಿನ ಅಳತೆ ಅಷ್ಟೇ ಇಟ್ಟು ಒಳಗಿನ ಜಾಗ ಹೆಚ್ಚು ತೋರಿಸಲು ಗೋಡೆಯನ್ನು ತೆಳ್ಳಗೆ ಮಾಡಿದರು. ಒಳ್ಳೆಯ ಮೋಟಾರಿನ ಬದಲು ಅಗ್ಗದ ಮೋಟಾರು ಹಾಕಿದರು. ತಲೆಯ ಮೇಲಿದ್ದ ಕಂಪ್ರೆಸರನ್ನು ಅಂದಕ್ಕಾಗಿ ಬುಡಕ್ಕೆ ಇಳಿಸಿದರು, ಅದರ ಬಿಸಿ ಪೆಟ್ಟಿಗೆಯ ತಳಕ್ಕೇ ತಟ್ಟತೊಡಗಿತು. ತೆಳ್ಳನೆಯ ಗೋಡೆಯ ಹೊರಮೈ ತಣ್ಣಗಾಗಿ ಅದರ ಮೇಲೆ ನೀರು ಬೆವೆತಾಗ, ಗೋಡೆ ದಪ್ಪ ಮಾಡುವ ಬದಲು ಬಾಗಿಲಿನ ಸುತ್ತ ಬಿಸಿ ತಂತಿ ಸುತ್ತಿದರು. ಗಮನಿಸಿ, ತಣ್ಣಗಿಡುವ ಪೆಟ್ಟಿಗೆಯೊಳಗೆ ಒಂದು ಹೀಟರು! ಆ ಹೀಟರಿನ ಶಾಖದಲ್ಲಿ ಒಂದಿಷ್ಟು ಒಳಗೆ ಹೋಗುತ್ತದೆ, ಅದನ್ನು ಹೊರಹಾಕಲು ಮತ್ತೆ ಕಂಪ್ರೆಸರ್ ದುಡಿಯುತ್ತದೆ. ಮಂಜು ಕಟ್ಟದ 'ಫ್ರಾಸ್ಟ್-ಫ್ರೀ' ಮಾದರಿಯಲ್ಲಿ ಮಂಜು ಕರಗಿಸಲೆಂದು ಇನ್ನೊಂದು ಹೀಟರು. ಅದು ಗೃಹಿಣಿಯ ಕೆಲಸ ನಿಜವಾಗಿ ಉಳಿಸಿತು, ಅದನ್ನು ನಾನು ದೂರುವುದಿಲ್ಲ. ಆದರೆ ಗೋಡೆಯ ಬೆವರಿಗೆ ಹೀಟರ್ ಹಾಕಿದ್ದನ್ನು ಮಾತ್ರ ಯಾವ ರೀತಿಯಲ್ಲೂ ಸಮರ್ಥಿಸಲಾರೆ.

ಈ ಅವಧಿಯಲ್ಲಿ ಒಂದೇ ಒಂದು ಸುಧಾರಣೆ ನಡೆಯಿತು, ಅದೂ ಕರೆಂಟಿಗಾಗಿ ಅಲ್ಲ. ಹಳೆಯ ಫ್ರಿಜ್ಜುಗಳ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕ ಇರುತ್ತಿತ್ತು. ಬಿಸಾಕಿದ ಫ್ರಿಜ್ಜಿನೊಳಗೆ ಕಣ್ಣಾಮುಚ್ಚಾಲೆಯಾಡಲು ಹೊಕ್ಕ ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದರು. ಒಳಗಿನಿಂದ ತಳ್ಳಿದರೆ ತೆರೆಯಲೇಬೇಕು ಎಂದು 1956ರಲ್ಲಿ ಕಾಯಿದೆ ಬಂತು. ಚಿಲಕ ಹೋಗಿ ಅಯಸ್ಕಾಂತದ ರಬ್ಬರ್ ಅಂಚು, ನಾವು ಗ್ಯಾಸ್ಕೆಟ್ ಎನ್ನುವುದು, ಎಲ್ಲ ಕಡೆ ಬಂತು. ಕಾನೂನಿನಿಂದ ಫ್ರಿಜ್ಜು ಬದಲಾಗಬಹುದು, ಅದರಿಂದ ಉದ್ಯಮವೇನೂ ಮುಳುಗುವುದಿಲ್ಲ ಎಂಬುದಕ್ಕೆ ಅದು ಮೊದಲ ಸಾಕ್ಷಿ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು. ಆ ನವೆಂಬರಿನ ಒಂದು ಶುಕ್ರವಾರ ರಾತ್ರಿ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಆರ್ಥರ್ ರೋಸನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಮನೆಗೆ ಹೊರಟವರು, ತಮ್ಮ ಮಹಡಿಯ ಖಾಲಿ ಕೋಣೆಗಳಲ್ಲೆಲ್ಲ ದೀಪ ಉರಿಯುತ್ತಿರುವುದನ್ನು ಕಂಡು ಆರಿಸಲು ಹೋದರು. ಸ್ವಿಚ್ಚುಗಳೇ ಕಾಣಿಸಲಿಲ್ಲ. ಕಪಾಟಿನ ಹಿಂದೆ, ಪುಸ್ತಕದ ಅಟ್ಟಣೆಯ ಹಿಂದೆ, ಭಿತ್ತಿಚಿತ್ರಗಳ ಹಿಂದೆ ಅವು ಅಡಗಿದ್ದವು. ಹುಡುಕಿ ಆರಿಸಲು ಇಪ್ಪತ್ತು ನಿಮಿಷ ಹಿಡಿಯಿತು ಎಂದು ಅವರೇ ಬರೆದುಕೊಂಡಿದ್ದಾರೆ. ರೋಸನ್‌ಫೆಲ್ಡ್ ಸಾಮಾನ್ಯರಲ್ಲ. ಎನ್ರಿಕೊ ಫರ್ಮಿಯ ಶಿಷ್ಯ, ಕಣ ಭೌತವಿಜ್ಞಾನದಲ್ಲಿ ಹೆಸರು ಮಾಡಿದ್ದವರು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಅದನ್ನೆಲ್ಲ ಬಿಟ್ಟು, ಕಟ್ಟಡ, ದೀಪ, ಕಿಟಕಿ, ಫ್ರಿಜ್ಜು ಇವುಗಳ ವಿದ್ಯುತ್ ಲೆಕ್ಕಕ್ಕೆ ಇಳಿದರು. ನಮ್ಮಲ್ಲಿ ಎಷ್ಟೋ ಜನ ಆ ವಯಸ್ಸಿನಲ್ಲಿ ನಿವೃತ್ತಿಯ ಲೆಕ್ಕ ಹಾಕುತ್ತಿರುತ್ತೇವೆ.

ಅವರ ವಿದ್ಯಾರ್ಥಿ ಡೇವಿಡ್ ಗೋಲ್ಡ್‌ಸ್ಟೈನ್ ಮಾರುಕಟ್ಟೆಯಲ್ಲಿದ್ದ ಫ್ರಿಜ್ಜುಗಳ ಬೆಲೆಯನ್ನೂ ವಿದ್ಯುತ್ ಬಳಕೆಯನ್ನೂ ಒಂದು ನಕ್ಷೆಯಲ್ಲಿ ಗುರುತು ಹಾಕಿ ನೋಡಿದರು. ಕಡಿಮೆ ಕರೆಂಟಿನ ಫ್ರಿಜ್ಜು ದುಬಾರಿ ಇರಬೇಕು ತಾನೆ? ಹಾಗೇನೂ ಇರಲಿಲ್ಲ. ಬೆಲೆಗೂ ಬಳಕೆಗೂ ಸಂಬಂಧವೇ ಕಾಣಲಿಲ್ಲ. ಒಂದೇ ಗಾತ್ರದ, ಒಂದೇ ಬೆಲೆಯ ಎರಡು ಪೆಟ್ಟಿಗೆಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಹೆಚ್ಚು ತಿನ್ನುತ್ತಿತ್ತು. ಕೊಳ್ಳುವವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಲು ದಾರಿಯೂ ಇರಲಿಲ್ಲ. ಅಂದರೆ ಕಳಪೆ ಫ್ರಿಜ್ಜುಗಳನ್ನು ನಿಷೇಧಿಸಿದರೆ ಯಾರ ಜೇಬಿಗೂ ಹೊರೆಯಾಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಆ ಹೊತ್ತಿಗೆ ಇಂಧನ ಆಯೋಗ ಹುಟ್ಟಿತ್ತು. ಅದರ ಕಾಯಿದೆಗೆ 1974ರಲ್ಲಿ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್, ನಡೆಸಿದ ಗವರ್ನರ್ ಜೆರ್ರಿ ಬ್ರೌನ್. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ. ರಾಜ್ಯದ ಮರುಭೂಮಿಯಲ್ಲಿ ಸನ್‌ಡೆಸರ್ಟ್ ಎಂಬ ಅಣುವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಮುಂದಿತ್ತು. ಫ್ರಿಜ್ಜುಗಳ ಬಳಕೆಗೆ ಮಿತಿ ಹಾಕಿದರೆ ಅಂಥ ಒಂದು ಸ್ಥಾವರದಷ್ಟು ವಿದ್ಯುತ್ತು ಉಳಿಯುತ್ತದೆ ಎಂದು ಬರ್ಕ್ಲಿಯ ಗುಂಪು ಲೆಕ್ಕ ತೋರಿಸಿತು. 1977ರಲ್ಲಿ ರಾಜ್ಯದ ಮೊದಲ ಫ್ರಿಜ್ಜಿನ ಮಾನದಂಡ ಜಾರಿಗೆ ಬಂತು. ಸನ್‌ಡೆಸರ್ಟ್ ಸ್ಥಾವರ ಕಟ್ಟಲೇ ಇಲ್ಲ. ಅದು ಕೈಬಿಟ್ಟುಹೋಗಲು ಬೇರೆ ಕಾರಣಗಳೂ ಇದ್ದವು, ಎಲ್ಲ ಕೀರ್ತಿಯನ್ನೂ ಫ್ರಿಜ್ಜಿಗೆ ಕೊಡಬೇಕಾಗಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಬೇರೆ ರಾಜ್ಯಗಳೂ ತಮ್ಮ ತಮ್ಮ ನಿಯಮ ಮಾಡತೊಡಗಿದವು. ಒಂದೊಂದು ರಾಜ್ಯಕ್ಕೆ ಒಂದೊಂದು ಫ್ರಿಜ್ಜು ಮಾಡುವ ಗತಿ ಬಂದೀತೆಂದು ಕಂಪನಿಗಳೇ ದೇಶಕ್ಕೆಲ್ಲ ಒಂದು ಕಾನೂನು ಬೇಕೆಂದವು. ಅಷ್ಟರಲ್ಲಿ ರಾಷ್ಟ್ರಾಧ್ಯಕ್ಷರಾಗಿದ್ದ ರೇಗನ್ 1986ರಲ್ಲಿ ಅದನ್ನು ತಡೆದು, 1987ರಲ್ಲಿ ಸಹಿ ಹಾಕಿದರು. 1990, 1993, 2001, 2014 ಹೀಗೆ ಮಾನದಂಡ ಬಿಗಿಯಾಗುತ್ತ ಹೋಯಿತು. 24 ವಿದ್ಯುತ್ ಕಂಪನಿಗಳು ಸೇರಿ, ಕಾನೂನಿಗಿಂತಲೂ ಕಡಿಮೆ ತಿನ್ನುವ, ಓಜೋನಿಗೆ ಕೇಡು ಮಾಡದ ಫ್ರಿಜ್ಜಿಗೆ ಮೂರು ಕೋಟಿ ಡಾಲರ್ ಬಹುಮಾನ ಇಟ್ಟವು, 1993ರಲ್ಲಿ ವರ್ಲ್‌ಪೂಲ್ ಗೆದ್ದಿತು. ಕರೆಂಟು ಮಾರುವವರೇ ಕರೆಂಟು ಉಳಿಸಲು ಬಹುಮಾನ ಕೊಟ್ಟದ್ದನ್ನು, ನಾನು ಆಗಲೇ ಹೇಳಿದ ಸರ್ವೆಲ್ ಕಥೆಯ ಪಕ್ಕದಲ್ಲಿಟ್ಟು ನೋಡಿ. ಜರ್ಮನಿಯ ಫೋರೊನ್ ಎಂಬ ಕಾರ್ಖಾನೆ ಅದೇ ಹೊತ್ತಿಗೆ ಗ್ರೀನ್‌ಪೀಸ್ ಒತ್ತಾಸೆಯಿಂದ ಹೈಡ್ರೊಕಾರ್ಬನ್ ಅನಿಲದ ಫ್ರಿಜ್ಜು ತಂದಿತು. ಇವತ್ತು ನಿಮ್ಮ ಹೊಸ ಫ್ರಿಜ್ಜಿನ ಹಿಂದೆ ಆರ್-600ಎ ಎಂದು ಬರೆದಿದ್ದರೆ ಅದು ಆ ಕುಲದ್ದೇ.

ಫಲಿತಾಂಶ ಹೀಗಿದೆ. 1974ರ 1,800 ಯೂನಿಟ್ 2001ರ ಮಾನದಂಡದ ಹೊತ್ತಿಗೆ 500ರ ಸುತ್ತಮುತ್ತ ಇಳಿಯಿತು. ಫ್ರಿಜ್ಜು ಚಿಕ್ಕದಾಗಲಿಲ್ಲ, ಇನ್ನಷ್ಟು ದೊಡ್ಡದಾಯಿತು. ಹಣದುಬ್ಬರ ಕಳೆದು ನೋಡಿದರೆ ಬೆಲೆಯೂ ಇಳಿಯಿತು. ಗಾಜಿನ ನಾರು ಹೋಗಿ ಪಾಲಿಯುರೆಥೇನ್ ನೊರೆಯ ಗೋಡೆ ಬಂತು, ಕಂಪ್ರೆಸರ್ ಸುಧಾರಿಸಿತು, ಬೆವರಿನ ಹೀಟರ್ ತಗ್ಗಿತು. ಒಂದು ಲೆಕ್ಕ ನೀವೇ ಹಾಕಬಹುದು. ಈ ದೇಶದಲ್ಲಿ ಸುಮಾರು 13 ಕೋಟಿ ಮನೆಗಳು. ಮನೆಗೊಂದು ಫ್ರಿಜ್ಜು, ಒಂದೊಂದರಲ್ಲಿ 1,300 ಯೂನಿಟ್ ಉಳಿತಾಯ ಎಂದರೆ ವರ್ಷಕ್ಕೆ 16,900 ಕೋಟಿ ಯೂನಿಟ್. ವಿಜ್ಞಾನಿಗಳು 2010ರಲ್ಲಿ ವರ್ಷಕ್ಕೆ 300 ಕೋಟಿ ಯೂನಿಟ್ ಉಳಿತಾಯಕ್ಕೆ 'ಒಂದು ರೋಸನ್‌ಫೆಲ್ಡ್' ಎಂದು ಹೆಸರಿಟ್ಟರು, ಅದು 500 ಮೆಗಾವ್ಯಾಟಿನ ಒಂದು ಕಲ್ಲಿದ್ದಲು ಸ್ಥಾವರಕ್ಕೆ ಸಮ. ಅಂದರೆ ಫ್ರಿಜ್ಜೊಂದರಿಂದಲೇ ಐವತ್ತಕ್ಕೂ ಹೆಚ್ಚು ಸ್ಥಾವರ. ರೋಸನ್‌ಫೆಲ್ಡ್ 2017ರಲ್ಲಿ ತೀರಿಕೊಂಡರು. ಈ ಸಭೆಯಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿತ್ತು ಎಂದು ಕೈ ಎತ್ತಿಸಲು ನನಗೆ ಧೈರ್ಯವಿಲ್ಲ.

ಇನ್ನು ಬೆಂಗಳೂರಿನ ಎಳೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎಂಬತ್ತರ ದಶಕದ ಹೊತ್ತಿಗೆ ಆ ನಾಡಿನಲ್ಲಿ ವಿದ್ಯುತ್ ಕಡಿತ ದಿನಚರಿಯಾಗಿತ್ತು. ಇಷ್ಟು ಜನ, ಇಷ್ಟು ಬೆಳವಣಿಗೆ, ಆದ್ದರಿಂದ ಇಷ್ಟು ಸ್ಥಾವರ ಬೇಕು ಎಂಬುದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಆ ಲೆಕ್ಕವನ್ನೇ ತಿರುವಿಹಾಕಿದರು. ಜನರಿಗೆ ಬೇಕಾದ್ದು ಯೂನಿಟ್ಟಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅದನ್ನು ಅತಿ ಕಡಿಮೆ ವಿದ್ಯುತ್ತಿನಲ್ಲಿ ಹೇಗೆ ಕೊಡಬಹುದು ಎಂದು ಕೇಳಿ ಎಂದರು. 1991ರಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಕರ್ನಾಟಕದ ವಿದ್ಯುತ್ ಅಧ್ಯಯನ, ಸರ್ಕಾರಿ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಸಾಗಿಸಬಹುದು ಎಂದು ತೋರಿಸಿತು. ಒಳ್ಳೆಯ ಬಲ್ಬು, ಒಳ್ಳೆಯ ಪಂಪ್‌ಸೆಟ್ಟು, ಸೌರ ಬಿಸಿನೀರು ಅವರ ದಾರಿ. ಅದೇ ವರ್ಷಗಳಲ್ಲಿ ಕೈಗಾ ಸ್ಥಾವರದ ವಿರುದ್ಧ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಊರೂರು ತಿರುಗುತ್ತಿದ್ದರು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತರು. ಕೈಗಾ ಬಂತು, 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ತು ಕೊಡಲಾರಂಭಿಸಿತು. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಹಾಕಿದವರ ಮಾತಿಗೆ ಕಿವಿಗೊಡುವ ಆಯೋಗ ಒಂದಿತ್ತು. ನಮ್ಮಲ್ಲಿ ಲೆಕ್ಕವೂ ಇತ್ತು, ಹೋರಾಟವೂ ಇತ್ತು, ಅವೆರಡನ್ನೂ ನಿಯಮವಾಗಿ ಬರೆಯುವ ಸಂಸ್ಥೆ ಆಗ ಇರಲಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ಊಟದ ಹೊತ್ತಿನಲ್ಲಿ ಸಿಗಿ. ಇಂಧನ ಸಂರಕ್ಷಣಾ ಕಾಯಿದೆ 2001ರಲ್ಲಿ, ನಕ್ಷತ್ರದ ಚೀಟಿ 2006ರಲ್ಲಿ ಬಂತು. ಫ್ರಾಸ್ಟ್-ಫ್ರೀ ಫ್ರಿಜ್ಜಿಗೆ ಆ ಚೀಟಿ ಕಡ್ಡಾಯವಾದದ್ದು 2010ರಲ್ಲಿ.

ಆ ಮೊದಲಿನ ಫ್ರಿಜ್ಜು ನಿಮಗೆಲ್ಲ ನೆನಪಿದೆ. ಗೋದ್ರೇಜ್, ಅಲ್ವಿನ್ ಅಥವಾ ಕೆಲ್ವಿನೇಟರ್. ಅಡುಗೆಮನೆಯಲ್ಲಲ್ಲ, ಬಂದವರಿಗೆ ಕಾಣಲೆಂದು ನಡುಮನೆಯಲ್ಲಿ. ತಲೆಯ ಮೇಲೆ ಕಸೂತಿಯ ಬಟ್ಟೆ, ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಜರ್. ಪದೇ ಪದೇ ಬಾಗಿಲು ತೆಗೆದರೆ ಬೈಗುಳ. ಆ ಬೈಗುಳಕ್ಕೆ ಕಾರಣ ಇತ್ತು, ಆದರೆ ಬಾಗಿಲಿಗಿಂತ ಅದರ ಗೋಡೆಯೇ ಹೆಚ್ಚು ಸೋರುತ್ತಿತ್ತು.

ಇಲ್ಲಿ ನಮ್ಮ ವಿಷಯಕ್ಕೆ ಬರುತ್ತೇನೆ. ಮಾನದಂಡ ಯಾಕೆ ಬೇಕು, ಚೀಟಿ ಅಂಟಿಸಿ ಜನರ ವಿವೇಕಕ್ಕೆ ಬಿಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ನಮ್ಮ ಸಮುದಾಯವೇ ಅದಕ್ಕೆ ಉತ್ತರ. ಎರಡು ಸೂಟ್‌ಕೇಸ್ ಹಿಡಿದು ಬಂದ ಹುಡುಗ ಹುಡುಗಿಯರು ಮೊದಲ ಐದಾರು ವರ್ಷ ಇರುವುದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಯ ಫ್ರಿಜ್ಜನ್ನು ಆರಿಸಿದವನು ಮಾಲೀಕ, ಅವನಿಗೆ ಬೇಕಾದ್ದು ಕಡಿಮೆ ಬೆಲೆ. ಬಿಲ್ಲು ಕಟ್ಟುವವನು ಬಾಡಿಗೆದಾರ, ಅವನಿಗೆ ಆಯ್ಕೆಯೇ ಇಲ್ಲ. ಕೊಲ್ಲಿ ದೇಶಗಳ ನಮ್ಮ ಬಂಧುಗಳಲ್ಲಿ ಒಂದು ಕೋಣೆಯಲ್ಲಿ ನಾಲ್ಕೈದು ಜನ ಹಂಚಿಕೊಂಡು ಇರುವವರ ಪಾಡೂ ಇದೇ. ಅಂಥವರ ಪರವಾಗಿ ಅಂಗಡಿಗೆ ಮೊದಲೇ ಹೋಗಿ ಕೆಟ್ಟ ಫ್ರಿಜ್ಜನ್ನು ಹೊರಗಿಟ್ಟದ್ದು ಆ ಕಾನೂನು. ಯೂನಿಟ್ಟಿಗೆ 15 ಸೆಂಟ್ ಎಂದಿಟ್ಟುಕೊಂಡರೆ 1,800 ಯೂನಿಟ್ಟಿಗೆ ವರ್ಷಕ್ಕೆ 270 ಡಾಲರ್, 500 ಯೂನಿಟ್ಟಿಗೆ 75. ಊರಿಗೆ ಹಣ ಕಳಿಸುವ ಮನೆಯಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿದೆ.

ಸ್ವಂತ ಮನೆ ಕೊಂಡವರ ಕಥೆ ಬೇರೆ. ಹೊಸ ಫ್ರಿಜ್ಜು ಅಡುಗೆಮನೆಗೆ ಬರುತ್ತದೆ, ಹಳೆಯದು ಗರಾಜಿಗೆ ಹೋಗುತ್ತದೆ. 2020ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಈ ದೇಶದ ಸುಮಾರು ಮೂರನೇ ಒಂದು ಮನೆಗಳಲ್ಲಿ ಎರಡು ಅಥವಾ ಹೆಚ್ಚು ಫ್ರಿಜ್ಜುಗಳಿವೆ. ನಮ್ಮವರಲ್ಲಿ ಅದು ಕಡಿಮೆ ಇರಲಾರದು. ತಿಂಗಳ ಕನ್ನಡ ಕೂಟಕ್ಕೆ ಮೂವತ್ತು ಜನರ ಬಿಸಿಬೇಳೆಭಾತು, ಇಂಡಿಯನ್ ಅಂಗಡಿ ದೂರ ಎಂದು ಒಂದೇ ಸಲ ತಂದ ತೆಂಗಿನತುರಿ, ಕರಿಬೇವು, ಹತ್ತು ಪೊಟ್ಟಣ ಪರೋಟ. ಅಡುಗೆಮನೆಯಲ್ಲಿ 21 ಡಿಗ್ರಿ ಸೆಲ್ಸಿಯಸ್ ಇದ್ದರೆ, 4 ಡಿಗ್ರಿಯ ಕೆಳಕೋಣೆಗೂ ಹೊರಗಿಗೂ ಇರುವ ಅಂತರ 17. ಟೆಕ್ಸಸ್ಸಿನ ಬೇಸಗೆಯ ಗರಾಜಿನಲ್ಲಿ 32 ಡಿಗ್ರಿ ಇದ್ದರೆ ಅದು 28. -18 ಡಿಗ್ರಿಯ ಫ್ರೀಜರಿಗೆ 39 ಇದ್ದದ್ದು 50 ಆಗುತ್ತದೆ. ಅಷ್ಟು ಹೆಚ್ಚು ಶಾಖ ಸೋರುತ್ತದೆ, ಜೊತೆಗೆ ಬಿಸಿ ಗಾಳಿಗೆ ಶಾಖ ಕಕ್ಕುವುದು ಯಂತ್ರಕ್ಕೆ ಇನ್ನೂ ಕಷ್ಟ. ಇಡೀ ವರ್ಷ ಬೇಕಿಲ್ಲದಿದ್ದರೆ ಆ ಎರಡನೆಯದನ್ನು ಯುಗಾದಿಗೋ ದೀಪಾವಳಿಗೋ ಮೊದಲು ಹಚ್ಚಿ, ಹಬ್ಬ ಮುಗಿದ ಮೇಲೆ ಖಾಲಿ ಮಾಡಿ, ಒರೆಸಿ, ಬಾಗಿಲನ್ನು ಮಕ್ಕಳು ಸಿಕ್ಕಿಕೊಳ್ಳದಂತೆ ಕೊಂಚ ತೆರೆದು ಕಟ್ಟಿ ಆರಿಸಬಹುದು. ಫ್ರಿಜ್ಜಿನ ವಿಷಯದಲ್ಲಿ ಉಳಿದ ಉಪಾಯಗಳಿಗಿಂತ ಇದು ದೊಡ್ಡದು. ಕೆಲವು ವಿದ್ಯುತ್ ಕಂಪನಿಗಳು ಹಳೆಯದನ್ನು ತಾವೇ ಬಂದು ಒಯ್ದು ಒಂದಿಷ್ಟು ಹಣವನ್ನೂ ಕೊಡುತ್ತವೆ, ವಿಚಾರಿಸಿ.

ಸಣ್ಣಪುಟ್ಟವೂ ಇವೆ. ಒಳಗೆ 3ರಿಂದ 4 ಡಿಗ್ರಿ, ಅಂದರೆ 37ರಿಂದ 40 ಫ್ಯಾರನ್‌ಹೀಟ್, ಫ್ರೀಜರಿಗೆ ಸೊನ್ನೆ ಫ್ಯಾರನ್‌ಹೀಟ್. ಅದಕ್ಕಿಂತ ತಣ್ಣಗಿಟ್ಟರೆ ಮೊಸರು ಇನ್ನೇನೂ ಚೆನ್ನಾಗಿರುವುದಿಲ್ಲ. ಗ್ಯಾಸ್ಕೆಟ್ಟಿನಲ್ಲಿ ಒಂದು ಡಾಲರ್ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಂಚು ಸಡಿಲವಾಗಿದೆ, ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರೆದು ತಿಳಿಸಿ. ಕೊಳವೆಗಳಿಗೆ ಗಾಳಿಯಾಡಲು ಹಿಂದೆ ಜಾಗ ಬಿಡಿ, ಧೂಳು ಹೊಡೆಯಿರಿ, ಒಲೆಯ ಪಕ್ಕ ಇಡಬೇಡಿ. ಬಿಸಿ ಸಾರು ಒಳಗಿಟ್ಟರೆ ಕರೆಂಟು ಸುಟ್ಟುಹೋಗುತ್ತದೆ ಎಂದು ಹೆದರಿ ರಾತ್ರಿಯಿಡೀ ಹೊರಗಿಡುವವರಿದ್ದಾರೆ. ಲೆಕ್ಕ ಕೇಳಿ. ಎರಡು ಲೀಟರ್ ಸಾರನ್ನು ಕೋಣೆಯ ಬಿಸಿಗೆ ಆರಿಸಿ ಇಡುವುದಕ್ಕೂ ಕುದಿಯುತ್ತಲೇ ಇಡುವುದಕ್ಕೂ ಇರುವ ವ್ಯತ್ಯಾಸ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಒಂದು ಸೆಂಟಿನ ಮಾತು. ಅಷ್ಟಕ್ಕಾಗಿ ಹೊಟ್ಟೆ ಕೆಡಿಸಿಕೊಳ್ಳಬೇಡಿ. ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ. ದೋಸೆಹಿಟ್ಟಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ ಎಂದು ಈ ಸಭೆಗೆ ನಾನು ಹೇಳಬೇಕಿಲ್ಲ.

ಅಂಗಡಿಗೆ ಹೋದಾಗ ಫ್ರಿಜ್ಜಿನ ಒಳಗೆ ಅಂಟಿಸಿರುವ ಹಳದಿ ಚೀಟಿಯನ್ನು, 1980ರಿಂದ ಅದು ಅಲ್ಲಿದೆ, ಒಮ್ಮೆ ಪೂರ್ತಿ ಓದಿ. ದೊಡ್ಡ ಅಕ್ಷರದಲ್ಲಿ ಡಾಲರ್ ಇದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವರ್ಷದ ಯೂನಿಟ್ಟಿನ ಸಂಖ್ಯೆ ಇದೆ. ನೋಡಬೇಕಾದ್ದು ಸಣ್ಣ ಅಕ್ಷರದ್ದನ್ನು, ಯಾಕೆಂದರೆ ಡಾಲರಿನದು ದೇಶದ ಸರಾಸರಿ ದರದ ಲೆಕ್ಕ, ನಿಮ್ಮ ಊರಿನ ದರ ಬೇರೆ ಇರಬಹುದು.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ.